8ರ ಆಕಾರದ ತೂತು

ಬಹಳ ದಿನಗಳಿಂದ ಏನೂ ಬರೆದಿರಲಿಲ್ಲ. ಕಾರಣ ಸೋಮಾರಿತನ ಅಲ್ಲ, ಗರಾಜು. ನಾನು ಮನೆಯಲ್ಲಿ ವಿಮಾನ ಕಟ್ತಿದ್ದೀನಿ ಅಂದಾಗ ಊರಲ್ಲಿರುವ ಅಮ್ಮ ಅದನ್ನು ರಿಮೋಟಿನಲ್ಲಿ ಹಾರಿಸುವ ಆಟಿಕೆ ಅಂದುಕೊಂಡಳು. ನಾನೂ ತಿದ್ದಲು ಹೋಗಲಿಲ್ಲ. ಅವಳ ನಿದ್ದೆ ಯಾಕೆ ಕೆಡಿಸಲಿ? :-)

ಆಟಿಕೆಯಲ್ಲ, ಇಬ್ಬರು ಕೂತು ಹಾರುವ ವಿಮಾನ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆಯಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗೋ ಖುಷಿಗೋ, ಮಾಡಿರಬೇಕು ಅನ್ನೋದು ಷರತ್ತು. ನಾನಿರೋದು ಒಹಾಯೋದ ಡೇಟನ್ ಹತ್ತಿರ, ಅಂದ್ರೆ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರ ಊರು. ಇಲ್ಲಿ ಗರಾಜಿನಲ್ಲಿ ವಿಮಾನದ ಬಾಲ ಕಂಡರೆ ಪಕ್ಕದ ಮನೆಯವರು ತಲೆ ಕೆಡಿಸಿಕೊಳ್ಳಲ್ಲ.

ಕಿಟ್ ಅಂದ್ರೆ ಪೆಟ್ಟಿಗೆಗಟ್ಟಲೆ ಅಲ್ಯೂಮಿನಿಯಂ ತಗಡು. ಹೆಚ್ಚಿನ ತೂತುಗಳನ್ನು ಕಾರ್ಖಾನೆಯಲ್ಲೇ ಕೊರೆದು ಕಳಿಸಿರುತ್ತಾರೆ. ಕೆಲವನ್ನು ನಾವೇ ಕೊರೆಯಬೇಕು. ನನ್ನ ಕಥೆ ಆ 'ಕೆಲವು' ತೂತುಗಳದ್ದು.

ಬಾಲದ ಅಡ್ಡರೆಕ್ಕೆಯೊಳಗೆ ಉದ್ದಕ್ಕೊಂದು ತೊಲೆ ಇರುತ್ತೆ, ಸ್ಪಾರ್ ಅಂತಾರೆ. ಅದಕ್ಕೆ ಪಕ್ಕೆಲುಬುಗಳ ಹಾಗೆ ರಿಬ್‌ಗಳು. ತೊಲೆಯ ತೂತಿನ ಮೂಲಕ ಡ್ರಿಲ್ ಹಾಕಿ ಹಿಂದಿರುವ ರಿಬ್ಬಿನ ಮಡಿಕೆಗೂ ತೂತು ಮಾಡಬೇಕು. ಮೊದಲ ತೂತು ಸರಿಯಾಗಿ ಬಂತು. ಅದಕ್ಕೊಂದು ಕ್ಲೀಕೋ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನು) ಹಾಕಿ, ರಿಬ್ಬಿಗೆ ಕ್ಲ್ಯಾಂಪ್ ಬಿಗಿದು ಮುಂದುವರಿಯಬೇಕಿತ್ತು. ಶನಿವಾರ ರಾತ್ರಿ ಹತ್ತೂವರೆ, ಕ್ಲ್ಯಾಂಪು ಕೋಣೆಯ ಆ ತುದಿಯಲ್ಲಿ. ಎರಡು ಹೆಜ್ಜೆ ನಡೆಯಲು ಬೇಜಾರಾಗಿ ಕೈಯಲ್ಲೇ ಒತ್ತಿ ಹಿಡಿದು ಎರಡನೆಯದನ್ನು ಕೊರೆದೆ. ರಿಬ್ಬು ಸ್ವಲ್ಪವೇ ಜಾರಿತ್ತು. ಈಗ ಎರಡನೆಯದು ಸರಿಯಿದ್ದರೆ ಮೊದಲನೆಯದು ಅರ್ಧ ತೂತಿನಷ್ಟು ಪಕ್ಕಕ್ಕೆ!

ಇಲ್ಲಿಗೆ ನಿಲ್ಲಿಸಿದ್ದರೆ ಏನಾದರೂ ಮಾಡಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? ಎರಡನೆಯದಕ್ಕೆ ಕ್ಲೀಕೋ ಸಿಕ್ಕಿಸಿ, "ಒಂದು ಸಲ ಡ್ರಿಲ್ ಆಡಿಸಿದರೆ ಸರಿಹೋಗುತ್ತೆ" ಅಂತ ಮೊದಲನೆಯದಕ್ಕೆ ಮತ್ತೆ ಡ್ರಿಲ್ ಹಾಕಿದೆ. ತೊಲೆಗೆ ಏನೂ ಆಗಲಿಲ್ಲ. ರಿಬ್ಬಿನಲ್ಲಿ ಮಾತ್ರ ಒಂದು ತೂತು ಇನ್ನೊಂದಕ್ಕೆ ಅಂಟಿಕೊಂಡು ಚೆಂದದ 8 ಮೂಡಿತ್ತು. ತಪ್ಪಿಗಿಂತ ಅದನ್ನು ಮುಚ್ಚಲು ಮಾಡಿದ ಅವಸರವೇ ದುಬಾರಿ.

ಒಂದು ತೂತಿಗೆ ಇಷ್ಟು ಗಲಾಟೆಯಾ ಅಂತ ಕೇಳಬಹುದು. ರಿವೆಟ್ ಹೊಡೆದಾಗ ಅದರ ದೇಹ ಊದಿಕೊಂಡು ತೂತನ್ನು ಪೂರ್ತಿ ತುಂಬಬೇಕು. ತೂತು ವಿಕಾರವಾಗಿದ್ದರೆ ರಿವೆಟ್ ಒಳಗೇ ಓರೆಯಾಗುತ್ತೆ, ಬಿಗಿ ಹಿಡಿಯಲ್ಲ. ಅದು ಹೊರಬೇಕಾದ ಭಾರ ಅಕ್ಕಪಕ್ಕದವುಗಳ ಮೇಲೆ. ಹಾರಾಟದ ನಡುಕಕ್ಕೆ ತಗಡು ತಗಡು ಉಜ್ಜಿ ಕಪ್ಪು ಪುಡಿ ಬರುತ್ತೆ. ಹಳೇ ವಿಮಾನಗಳ ಮೈಮೇಲೆ ರಿವೆಟ್ಟಿನ ಹಿಂದೆ ಹೊಗೆ ಎಳೆದಂಥ ಕಪ್ಪು ಗೆರೆ ಕಾಣುತ್ತದಲ್ಲ, ಅದು ಇದೇ.

ಮದ್ದುಗಳಿವೆ. ತೂತು ಸ್ವಲ್ಪವೇ ದೊಡ್ಡದಾಗಿದ್ದರೆ ಮುಂದಿನ ಅಳತೆಯ ರಿವೆಟ್ ಹಾಕಬಹುದು: 1/8 ಇಂಚಿನ ಬದಲು 5/32. ಆದರೆ ತೂತಿನ ನಡುಬಿಂದುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಜಾಗ ಇರಬೇಕು, ಇಲ್ಲದಿದ್ದರೆ ಅಂಚು ಹರಿಯುತ್ತೆ. 5/32ಕ್ಕೆ ಸುಮಾರು 8 ಮಿ.ಮೀ. ಬೇಕು, ನನ್ನಲ್ಲಿ ಇದ್ದದ್ದು 7. ಹೋಯ್ತು. ಪಕ್ಕದಲ್ಲಿ ಹೊಸ ತೂತು ಕೊರೆಯೋಣ ಅಂದ್ರೆ ಎರಡು ರಿವೆಟ್‌ಗಳ ನಡುಬಿಂದುಗಳ ನಡುವೆ ವ್ಯಾಸದ ಮೂರರಷ್ಟು ಅಂತರ ಬೇಕು. ಅದಕ್ಕೂ ಜಾಗವಿಲ್ಲ.

ಆಗ ಕೆಟ್ಟ ಯೋಚನೆ ಬಂತು. ರಿವೆಟ್ಟಿನ ತಲೆಯ ಅಗಲ ಕಾಲು ಇಂಚು, 8 ಅದರಡಿ ಪೂರ್ತಿ ಮುಚ್ಚಿಹೋಗುತ್ತೆ. ಅದರ ಮೇಲೆ ತಗಡಿನ ಹೊದಿಕೆ, ಅದರ ಮೇಲೆ ಬಣ್ಣ. ನನಗೆ ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಗೊತ್ತಾಗಲ್ಲ. ಸುಳ್ಳು ಯಾಕೆ, ರಿವೆಟ್ ಕೈಗೆತ್ತಿಕೊಂಡಿದ್ದೆ.

ಅಪ್ಪ ದರ್ಜಿ. ಊರಿನ ಬಸ್‌ಸ್ಟ್ಯಾಂಡ್ ಎದುರು ಒಂದೇ ಮಿಷಿನ್ನಿನ ಅಂಗಡಿ. ಒಂದು ಸಲ ಹಬ್ಬದ ಹಿಂದಿನ ರಾತ್ರಿ ಯಾರದೋ ಕೋಟಿನ ಒಳಹೊಲಿಗೆ ಸೊಟ್ಟಗಾಯ್ತು ಅಂತ ಪೂರ್ತಿ ಬಿಚ್ಚುತ್ತಾ ಕೂತಿದ್ದ. "ಒಳಗಡೆ ಯಾರು ನೋಡ್ತಾರೆ, ಬಾ ಮನೆಗೆ" ಅಂದೆ. ತಲೆ ಎತ್ತದೆ ಹೇಳಿದ: "ನೋಡೋನಿಗಲ್ಲ ಕಣೋ, ಹಾಕ್ಕೊಳ್ಳೋನಿಗೆ ಚುಚ್ಚತ್ತೆ."

ಈ ವಿಮಾನದ ಎರಡನೇ ಸೀಟು ನನ್ನ ಹೆಂಡತಿಯದು. ರಿವೆಟ್ ಡಬ್ಬಿಗೆ ಹಾಕಿ, ದೀಪ ಆರಿಸಿ ಮಲಗಿದೆ.

ಸೋಮವಾರ ಹೊಸ ರಿಬ್ಬಿಗೆ ಆರ್ಡರ್ ಮಾಡಿದೆ. ರಿಬ್ಬಿಗಿಂತ ಅಂಚೆ ಖರ್ಚೇ ಜಾಸ್ತಿ! ಅದು ಬಂದ ಮೇಲೆ ಎರಡು ಕ್ಲ್ಯಾಂಪು ಬಿಗಿದು, ಪ್ರತಿ ತೂತಿಗೂ ಕ್ಲೀಕೋ ಹಾಕುತ್ತಾ ಕೊರೆದೆ. ಇಪ್ಪತ್ತೇ ನಿಮಿಷದ ಕೆಲಸ. ನಿರ್ಮಾಣದ ದಿನಚರಿ ಪುಸ್ತಕದಲ್ಲಿ 8ರ ಫೋಟೋ ಅಂಟಿಸಿ ನಡೆದದ್ದನ್ನೆಲ್ಲ ಬರೆದಿಟ್ಟೆ.

ಮನೆಯಲ್ಲಿ ವಿಮಾನ ಕಟ್ಟುವವರದೇ ಒಂದು ಸಂಘವಿದೆ, ಇಎಎ ಅಂತ, 1953ರಲ್ಲಿ ಶುರುವಾದದ್ದು. ಅದರ ತಾಂತ್ರಿಕ ಸಲಹೆಗಾರರು ದುಡ್ಡು ತಗೊಳ್ಳದೆ ಮನೆಗೇ ಬಂದು ಕೆಲಸ ನೋಡುತ್ತಾರೆ. ಹೋದ ವಾರ ಒಬ್ಬ ಅಜ್ಜ ಬಂದಿದ್ದರು. ಹೊಸ ರಿಬ್ಬನ್ನು ಬೆರಳಾಡಿಸಿ ನೋಡಿದರು, ಏನೂ ಹೇಳಲಿಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ಹಳೇ ರಿಬ್ಬನ್ನು ಮಾತ್ರ ಬಹಳ ಹೊತ್ತು ನೋಡಿದರು. "ಇದು ಒಳ್ಳೇದು. ಗೋಡೆ ಖಾಲಿ ಇರೋ ಗರಾಜಿಗೆ ಹೋದಾಗ ನನಗೆ ಭಯ ಆಗತ್ತೆ" ಅಂದರು.

ರೆಕ್ಕೆಯ ಪೆಟ್ಟಿಗೆ ಇನ್ನೂ ಒಡೆದಿಲ್ಲ. ಸಾವಿರಾರು ರಿವೆಟ್ ಬಾಕಿ. ಗೋಡೆಯಲ್ಲಿ ಇನ್ನೂ ನಾಲ್ಕು ಮೊಳೆಗೆ ಜಾಗ ಇದೆ :-)

ನಿಮ್ಮ ಗೋಡೆ ಮೇಲೆ ಏನಿದೆ?