ಗೆಡ್ಡೆಯ ಹೂಗಳು

ಒಮ್ಮೆ ನೆಟ್ಟರೆ ವರುಷ ವರುಷವೂ ತಾವಾಗಿ ಎದ್ದು ಬಂದು ಹೂ ಕೊಡುವ ಗಿಡಗಳಲ್ಲಿ ಲಿಲ್ಲಿಗೆ ಮೊದಲ ಮಣೆ ಹಾಕಬೇಕು. ಜನ ಲಿಲ್ಲಿಯೆಂದು ಕರೆಯುವ ಹೂಗಳಲ್ಲಿ ಹೆಚ್ಚಿನವು ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಲಿಲ್ಲಿಗಳೇ ಅಲ್ಲ. ನಮ್ಮ ದಕ್ಷಿಣದಲ್ಲಿ ನಿಜವಾದ ಲಿಲ್ಲಿ ಬೆಳೆಯುವುದು ನೀಲಗಿರಿ, ಪಳನಿಯಂತಹ ಎತ್ತರದ ಬೆಟ್ಟಗಳಲ್ಲಿ. ಬಿಳಿಯ ಕಹಳೆಯಂತಹ ಆ ಸುಗಂಧದ ಹೂವು ಬಯಲಿನ ಬಿಸಿಲಿಗೆ ಒಗ್ಗದು. ಅಂಗಳದ ಕೆಂಪು ಲಿಲ್ಲಿಯ ಮೂಲ ದಕ್ಷಿಣ ಅಮೆರಿಕ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳುವ ಮಳೆಲಿಲ್ಲಿಯೂ ಅಮೆರಿಕ ಖಂಡದ್ದೇ. ಆದರೇನು? ಇಷ್ಟಲಿಂಗಕ್ಕೆ ಏರುವ ಹೂವಿನ ಕುಲಗೋತ್ರ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕೆಂಪು ಲಿಲ್ಲಿಯ ಗೆಡ್ಡೆ ಈರುಳ್ಳಿಯಂತಹದು. ಅದರ ಕತ್ತು ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು. ನೀರು ನಿಂತರೆ ಕೊಳೆಯುತ್ತದೆ. ಹೂ ಬಾಡಿದ ಮೇಲೆ ದಂಟನ್ನು ಕೊಯ್ದರೆ ಅಡ್ಡಿಯಿಲ್ಲ, ಎಲೆಗೆ ಮಾತ್ರ ಕತ್ತರಿ ಹಾಕಬಾರದು. ಮುಂದಿನ ವರುಷದ ಹೂವಿಗೆ ಬೇಕಾದ ಆಹಾರ ಆ ಎಲೆಯಲ್ಲಿಯೇ ಸಿದ್ಧವಾಗಿ ಗೆಡ್ಡೆಗಿಳಿಯುತ್ತದೆ. ಅಂದಕ್ಕಾಗಿ ಹಸಿರೆಲೆ ಸವರಿದವರು ಮರುವರುಷ ಹೂವಿಲ್ಲವೆಂದು ಗಿಡವನ್ನು ದೂರುವುದುಂಟು. ಮೂರು ನಾಲ್ಕು ವರುಷಕ್ಕೊಮ್ಮೆ ಅಗೆದು ಮರಿಗೆಡ್ಡೆಗಳನ್ನು ಬೇರ್ಪಡಿಸಿದರೆ ನೆರೆಹೊರೆಗೂ ಹಂಚಬಹುದು.

ಗೌರಿ ಹೂವಿನ ಮಾತೇ ಬೇರೆ. ಅಗ್ನಿಶಿಖೆಯೆಂಬ ಇನ್ನೊಂದು ಹೆಸರು ಅದಕ್ಕೆ ಅನ್ವರ್ಥವಾಗಿದೆ. ಮೊದಲು ಹಸಿರು ಬೆರೆತ ಹಳದಿ, ಬರಬರುತ್ತ ಕೆಂಪು. ಅಲೆಯಲೆಯಾದ ಆರು ಎಸಳುಗಳು ಹಿಂದಕ್ಕೆ ಬಾಗಿ ಉರಿಯುವ ಜ್ವಾಲೆಯಂತೆ ನಿಲ್ಲುತ್ತವೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದು ಬಳ್ಳಿಯನ್ನು ಮೇಲೇರಿಸುತ್ತದೆ. ಗೆಡ್ಡೆ ನೇಗಿಲಿನ ಆಕಾರದ್ದು; ಸಂಸ್ಕೃತದಲ್ಲಿ ಲಾಂಗಲಿ ಎಂದದ್ದು ಅದಕ್ಕೇ. ಹಳೆಯ ಗೆಡ್ಡೆ ಆ ವರುಷದ ಬಳ್ಳಿಯನ್ನು ಬೆಳೆಸಿ ಸೊರಗುತ್ತದೆ. ಅದರ ಜಾಗಕ್ಕೆ ಹೊಸದು ಬರುತ್ತದೆ. ಮೊಳಕೆಯ ಕಣ್ಣು ತುದಿಯಲ್ಲಿರುವುದರಿಂದ ಅಗೆಯುವಾಗ ತುದಿ ಮುರಿಯದಂತೆ ಜೋಕೆ ವಹಿಸಬೇಕು.

ತಾಯಂದಿರು ಮುಖ್ಯವಾಗಿ ತಿಳಿಯಬೇಕಾದುದು, ಈ ಸಸ್ಯವೆಲ್ಲ ವಿಷ. ಗೆಡ್ಡೆ ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೀಲುಬಾವಿನ ಔಷಧಿಯಾಗಿ ಬಳಸುತ್ತಾರೆ. ಅದಕ್ಕೆಂದೇ ತಮಿಳುನಾಡಿನಲ್ಲಿ ಇದರ ಬೇಸಾಯವೂ ನಡೆಯುತ್ತದೆ. ಆದರೆ ಗೆಡ್ಡೆಯನ್ನು ಗೆಣಸೆಂದು ಬಗೆದು ತಿಂದು ಪ್ರಾಣ ಬಿಟ್ಟವರುಂಟು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ ತೊಡಗುತ್ತದೆ. ಅಲ್ಲಿಯವರೆಗೆ ಕಾಯದೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮೊಮ್ಮಗ ಅಂಬೆಗಾಲಿಡತೊಡಗಿದಾಗ ಮನೆಯಲ್ಲಿ ಈ ಬಳ್ಳಿಯ ಮೇಲೆ ವಾದವೆದ್ದಿತು. “ಮಾವನವರೆ, ಪೂಜೆಗೆ ಬೇರೆ ಹೂ ಸಿಕ್ಕೀತು. ಕೂಸು ಈ ಗೆಡ್ಡೆ ಬಾಯಿಗಿಟ್ಟರೆ ಏನು ಗತಿ?” ಎಂದಳು ಸೊಸೆ. ನಮ್ಮ ಮನೆಯವರಿಗೆ ಅದು ತವರಿನಿಂದ ತಂದ ಬಳ್ಳಿ. ಅವರ ತಾಯಿ ಸೆರಗಿನಲ್ಲಿ ಕಟ್ಟಿಕೊಟ್ಟ ಗೆಡ್ಡೆಯ ಸಂತತಿ. ಗೌರಿ ಹಬ್ಬಕ್ಕೆ ಆ ಹೂವಿಲ್ಲದ ವರುಷವನ್ನು ಅವರು ಕಂಡಿಲ್ಲ. ಇಬ್ಬರ ಮಾತೂ ನ್ಯಾಯವೇ. ಬೇಸಿಗೆಯಲ್ಲಿ ಬಳ್ಳಿ ಒಣಗಿದಾಗ ಕೈಗೆ ಬಟ್ಟೆ ಸುತ್ತಿಕೊಂಡು ನಾವೇ ಅಗೆದೆವು. 14 ಗೆಡ್ಡೆ ಬಂದವು. ಒಂದೂ ಅಂಗಳದಲ್ಲಿ ಉಳಿಯದಂತೆ ಮತ್ತೆ ಮತ್ತೆ ಎಣಿಸಿ, ಹಿತ್ತಿಲಿನ ಬಾವಿಯಾಚೆ, ಬೀಗ ಹಾಕುವ ಬಾಗಿಲಿನ ಹೊರಗೆ, ಬೇಲಿಯುದ್ದಕ್ಕೂ ನೆಟ್ಟೆವು. ಸೊಸೆಗೆ ಅರ್ಧ ಸಮಾಧಾನ. ನಮ್ಮ ಮನೆಯವರು ಎರಡು ದಿನ ಮಾತನಾಡಲಿಲ್ಲ.

ಮಳೆಗಾಲದಲ್ಲಿ ಇನ್ನೊಂದು ತೊಡಕು ಬಂದಿತು. ಕಪ್ಪು ಮೈ, ಬಿಳಿ ಕೆಂಪು ಚುಕ್ಕೆಯ ಹುಳುಗಳು ಕೆಂಪು ಲಿಲ್ಲಿಗೆ ಮುತ್ತಿದವು. ಎಲೆ ತಿಂದು ಮುಗಿಸಿ ಗೆಡ್ಡೆಯ ಕತ್ತಿಗೂ ಇಳಿಯುವ ಜಾತಿಯದು. ಬೆಳಗಿನ ತಂಪಿನಲ್ಲಿ ಕೈಯಿಂದ ಆರಿಸುವುದೇ ಅತ್ಯುತ್ತಮ ಉಪಾಯ. ಆರಿಸಿದ ಮೇಲೆ? ಸಾಬೂನಿನ ನೀರಿಗೆ ಹಾಕಿರೆಂದು ತಿಳಿದವರು ಹೇಳುತ್ತಾರೆ. ಮಠದ ಪ್ರಸಾದದಲ್ಲಿ ಬೆಳೆದ ಕೈಗೆ ಅದು ಸುಲಭವಲ್ಲ. ಪೂಜೆಗೆ ಹೂ ಎತ್ತುವಾಗಲೂ ಗಿಡವನ್ನು ಬೋಳಿಸಬಾರದೆಂದು ಅಲ್ಲಿ ನಮಗೆ ಕಲಿಸಿದ್ದರು. ಈ ಹುಳುವಿಗೆ ಗೌರಿ ಬಳ್ಳಿಯೂ ಆಹಾರವೇ. ಆದ್ದರಿಂದ ಮೊರದಲ್ಲಿ ಕೂಡಿಸಿ ಬೇಲಿಯ ಬಳ್ಳಿಗೆ ಬಿಡತೊಡಗಿದೆವು.

“ನನ್ನ ತವರಿನ ಬಳ್ಳಿಯೇ ಕಂಡಿತೆ ನಿಮಗೆ?” ಎಂದರು ನಮ್ಮ ಮನೆಯವರು. ಹುಳು ಮಣ್ಣಿಗಿಳಿದು ಕೋಶವಾಗಿ, ಪತಂಗವಾಗಿ ಮತ್ತೆ ಲಿಲ್ಲಿಗೇ ಬರುತ್ತದಲ್ಲ ಎಂಬುದು ಮಗನ ಆಕ್ಷೇಪ. ಅವನ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಕೊನೆಗೆ ಬೇಲಿಯ ಮೂಲೆಯ ಮೂರು ಬಳ್ಳಿಗಳನ್ನು ಹುಳುವಿಗೆಂದು ಬಿಟ್ಟು, ಉಳಿದವುಗಳನ್ನು ದಿನವೂ ನೋಡಿಕೊಳ್ಳುವುದೆಂದು ಗೊತ್ತುಮಾಡಿದೆವು. ಆ ಭಾದ್ರಪದದಲ್ಲಿ 11 ಹೂ ಅರಳಿದವು. ಐದು ಗೌರಿಗೆ ಏರಿದವು. ಆರನ್ನು ಬಳ್ಳಿಯಲ್ಲಿಯೇ ಬಿಟ್ಟೆವು. ಬಾಗಿಲಿನ ಬೀಗದ ಕೈ ಈಗಲೂ ಸೊಸೆಯ ಬಳಿಯೇ ಇದೆ.