ಹಗುರಾದ ಮರಿಗೆ

ಅಜ್ಜನ ಮನೆಯ ಬಚ್ಚಲಲ್ಲಿ ಒಂದು ಕಲ್ಲಿನ ಮರಿಗೆ ಇತ್ತು. ಸುಡುಬೇಸಿಗೆಯಲ್ಲೂ ಅದರ ಅಂಚಿಗೆ ಕೈಯಿಟ್ಟರೆ ತಣ್ಣಗೆ. ಉಳಿ ತಾಗಿದ ಗುಳಿಗಳು ಬೆರಳಿಗೆ ಸಿಗುತ್ತಿದ್ದವು. ಊರು ಬಿಟ್ಟ ಮೇಲೆ ನುಣ್ಣನೆಯ ಪಿಂಗಾಣಿ ಬೇಸಿನ್ನಿನಲ್ಲೇ ಮುಖ ತೊಳೆಯುತ್ತಾ ಬಂದಿದ್ದೇನೆ. ಕೈ ಮಾತ್ರ ಆ ಒರಟನ್ನು ಮರೆತಿಲ್ಲ. ಮಹಡಿಯ ಬಚ್ಚಲು ರಿಪೇರಿಗೆ ಬಂದಾಗ, ಸಿಮೆಂಟಿನ ಬೇಸಿನ್ನೇ ಇರಲಿ ಎಂದು ಮೇಸ್ತ್ರಿಯವರನ್ನು ಕೇಳಿದೆ.

“ಎರಕ ಹೊಯ್ಯೋಣ ಸಾರ್. ಆದ್ರೆ ಇದು ನಾಲ್ಕೂವರೆ ಇಂಚಿನ ಗೋಡೆ. ತೂಕ ತಡೀಬೇಕಲ್ಲ?”

ಕೂತು ಲೆಕ್ಕ ಹಾಕಿದೆ. 60 ಸೆಂ.ಮೀ. ಉದ್ದ, 40 ಅಗಲ, 12 ಎತ್ತರ, ಸುತ್ತಲೂ ತಳಕ್ಕೂ 4 ಸೆಂ.ಮೀ. ದಪ್ಪ. ಕಾಂಕ್ರೀಟು ಘನಮೀಟರಿಗೆ ಸುಮಾರು 2400 ಕಿಲೋ. ಬೇಸಿನ್ ಒಂದೇ 37 ಕಿಲೋ ಆಯಿತು. ನೀರಿನ ಭಾರ, ಕೈಯೂರಿ ನೇತಾಡುವ ಮಕ್ಕಳ ಭಾರ ಬೇರೆ.

ಸಿಮೆಂಟಿಗೆ ದಪ್ಪವಿದ್ದರೇ ಬಲ ಎಂದುಕೊಂಡಿರುತ್ತೇವೆ. ಆದರೆ ಫ್ರಾನ್ಸಿನ ಲಾಂಬೋ 1848ರಲ್ಲೇ ತಂತಿ ಜಾಲರಿಗೆ ತೆಳ್ಳಗೆ ಗಾರೆ ಮೆತ್ತಿ ದೋಣಿ ಮಾಡಿದ್ದ. ಅಲ್ಲಿನ ತೋಟಗಾರ ಮೋನಿಯೇ ಹೀಗೇ ಗಿಡದ ತೊಟ್ಟಿಗಳನ್ನು ಮಾಡಿ 1867ರಲ್ಲಿ ಪೇಟೆಂಟ್ ಪಡೆದ. ಒತ್ತಡ ತಡೆಯುವ ಸಿಮೆಂಟು ಎಳೆತಕ್ಕೆ ಬಿರಿಯುತ್ತದೆ. ಆ ಎಳೆತವನ್ನು ಜಾಲರಿ ಹೊರುತ್ತದೆ. ಮನೆಯ ತಾರಸಿ ನಿಂತಿರುವುದೂ ಇದೇ ಲೆಕ್ಕದ ಮೇಲೆ. ತೋಟದಲ್ಲಿ ಕೈ ಕೆಸರು ಮಾಡಿಕೊಂಡವನು ಜಾಲರಿಗೆ ಗಾರೆ ಮೆತ್ತಲು ಹೊರಟದ್ದು ನನಗೆ ಬಹಳ ಇಷ್ಟ.

ನನ್ನ ಬೇಸಿನ್ನಿಗೂ ಹಾಗೇ, ಒಳಗೆ 25 ಮಿ.ಮೀ.ನ ಗಟ್ಟಿ ಥರ್ಮಾಕೋಲು, ಎರಡೂ ಕಡೆ ಗಾಜಿನ ಜಾಲರಿ ಹೂತ 8 ಮಿ.ಮೀ. ಗಾರೆ ಎಂದು ತೀರ್ಮಾನಿಸಿದೆ. ತೂಕ 14 ಕಿಲೋಗೆ ಇಳಿಯಿತು. ಮೊದಲ ಸಲ ಮೂಲೆಗಳಿಗೆ ಮನೆಯಲ್ಲಿದ್ದ ರಬ್ಬರ್ ಅಂಟು ಹಚ್ಚಿದೆ. ಅದರ ದ್ರಾವಕಕ್ಕೆ ಥರ್ಮಾಕೋಲು ಕಣ್ಣೆದುರೇ ಕರಗಿ ಕುಳಿ ಬಿತ್ತು. ಎರಡು ದಿನದ ಕೆಲಸ ಹೋಯಿತು, ಬೇಸರವಾಯಿತು. ಎಪಾಕ್ಸಿ ಹಚ್ಚಿ ಮತ್ತೆ ಕಟ್ಟಿದೆ. ನೀರು ಹೋಗುವ ಕಡೆ ಪಿವಿಸಿ ಪೈಪಿನ ತುಂಡು ಆಗಲೇ ಕೂರಿಸಬೇಕು, ಆಮೇಲೆ ಕೊರೆಯಲು ಹೋದರೆ ಸಿಪ್ಪೆ ಏಳುತ್ತದೆ. ತಳದಲ್ಲಿ 30 ಸೆಂ.ಮೀ.ಗೆ 6 ಮಿ.ಮೀ. ಇಳಿಜಾರು ಬಿಟ್ಟೆ.

ಒಂದು ಪಾಲು ಸಿಮೆಂಟು, ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳು, ಕತ್ತರಿಸಿದ ಗಾಜಿನ ನಾರು. ನಾರು ಜಿರ್ಕೋನಿಯಾ ಸೇರಿದ ಎಆರ್ ಗ್ಲಾಸೇ ಆಗಬೇಕು. ಮಾಮೂಲಿ ಗಾಜನ್ನು ಸಿಮೆಂಟಿನ ಕ್ಷಾರ ತಿಂದುಹಾಕುತ್ತದೆ. ಜಾಲರಿಗೂ ಅದೇ ಮಾತು. ನೀರು ಹೆಚ್ಚಿದರೆ ಕಲಸುವುದು ಸಲೀಸು, ಒಣಗಿದಾಗ ಬಿರುಕು.

ಕೊನೆಯ ಕೈ ಎಳೆಯುವ ಹೊತ್ತು ಬಂದಾಗ ಮೇಸ್ತ್ರಿ ಕರಣೆ ಕೊಡಲೇ ಇಲ್ಲ. “ತಡೀರಿ ಸಾರ್, ನೀರು ಹಿಂಗ್ಲಿ.” ಮೇಲಿನ ಹೊಳಪು ಮಾಸಿತು. ಹೆಬ್ಬೆರಳು ಒತ್ತಿ ತೋರಿಸಿದರು: ಗುರುತು ಮೂಡಿತು, ಬೆರಳಿಗೆ ಗಾರೆ ಹತ್ತಲಿಲ್ಲ. ಆಗ ಕರಣೆ ನನ್ನ ಕೈಗೆ ಬಂತು. ಸರ್ರೆಂದು ಎಳೆದ ಕಡೆಯೆಲ್ಲ ಕಪ್ಪು ಮಿಂಚು, ಮೋಡದಂಥ ಕಲೆಗಳು. ಒಂದೆರಡು ಗುಳಿಗಳನ್ನು ಬೇಕೆಂದೇ ಉಳಿಸಿಕೊಂಡೆ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ, ಆಫೀಸಿಗೆ ಹೊರಡುವ ಮುಂಚೆ, ಬಂದ ಮೇಲೆ ನೀರು ಕುಡಿಸಿದೆ. ನಿಂಬೆಹುಳಿ ಬಿದ್ದರೆ ಸಿಮೆಂಟು ತಿಂದುಹೋಗಿ ಕಲೆ ಉಳಿಯುತ್ತದೆ. ಅದಕ್ಕೇ ಪೂರ್ತಿ ಒಣಗಿದ ಮೇಲೆ ಎರಡು ಕೋಟು ಸೀಲರ್, ಮೇಲೆ ಪಾಲಿಯುರೆಥೇನ್ (ಪಿಯು) ಲೇಪ ಬಳಿದೆ.

ಚಿಕ್ಕಮ್ಮ ಬಂದವರು ಗೆಣ್ಣಿನಿಂದ ತಟ್ಟಿ ನೋಡಿದರು.

“ಇದು ಕಲ್ಲಲ್ವಲ್ಲೋ?”

“ಒಳಗೆ ಥರ್ಮಾಕೋಲು ಚಿಕ್ಕಮ್ಮ.”

ಅಂಚಿನ ಮೇಲೆ ಅಂಗೈ ಇಟ್ಟುಕೊಂಡೇ ನಿಂತರು. “ನಮ್ಮನೆ ಮರಿಗೆ ಇನ್ನೂ ತಣ್ಣಗಿರ್ತಿತ್ತು.”

ನಿಜ. ದಪ್ಪ ಕಲ್ಲು ಕೈಯ ಬಿಸಿಯನ್ನು ಹೀರಿಕೊಳ್ಳುತ್ತಲೇ ಇರುತ್ತದೆ, 8 ಮಿ.ಮೀ. ಗಾರೆ ಬೇಗ ಬೆಚ್ಚಗಾಗುತ್ತದೆ. ನನಗದು ಹೊಳೆದಿರಲಿಲ್ಲ. ಚಿಕ್ಕಮ್ಮನ ಬೆರಳು ಅಷ್ಟರಲ್ಲಿ ಎಡಮೂಲೆಯ ಗುಳಿಗೆ ಸಿಕ್ಕಿ, ಅಲ್ಲೇ ಸುತ್ತುತ್ತಿತ್ತು.