ಅಕ್ಕನ ಚಿತ್ರದ ಬಣ್ಣ

ಶರಣಬಂಧುಗಳೇ, ತಮ್ಮ ಮನೆಯ ಪೂಜಾಗೃಹದಲ್ಲಿ ಅಕ್ಕಮಹಾದೇವಿಯ ಚಿತ್ರಪಟವಿದ್ದರೆ, ಒಂದು ಗಳಿಗೆ ಭಕ್ತಿಯನ್ನು ಬದಿಗಿರಿಸಿ, ಅದನ್ನು ಕೇವಲ ಚಿತ್ರವೆಂದು ನೋಡಬೇಕೆಂದು ವಿನಂತಿಸುತ್ತೇನೆ. ಹಾಲಿನಂಥ ಮೈಬಣ್ಣ, ನೀಳವಾದ ಮೂಗು, ತಿದ್ದಿದ ಹುಬ್ಬು. ಸಹಕಾರನಗರದ ನಮ್ಮ ಮನೆಯಲ್ಲಿರುವುದೂ ಅಂಥದೇ. ಹನ್ನೆರಡನೆಯ ಶತಮಾನದ ಉಡುತಡಿಯ ಆ ಮಹಾತಾಯಿಯನ್ನು ಕಣ್ಣಾರೆ ಕಂಡು ಬರೆದ ಚಿತ್ರ ಯಾವುದೂ ನಮಗೆ ಉಳಿದು ಬಂದಿಲ್ಲ. ಹಾಗಾದರೆ ಈ ಮುಖ ಎಲ್ಲಿಂದ ಬಂದಿತು?

ನನ್ನ ಎಣಿಕೆಯಲ್ಲಿ ಅದು ಬಹುಮಟ್ಟಿಗೆ ರಾಜಾ ರವಿವರ್ಮನ ಕೊಡುಗೆ. 1894ರಲ್ಲಿ ಆತನು ಮುಂಬಯಿಯಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಲಕ್ಷ್ಮೀ ಸರಸ್ವತಿಯರ ವರ್ಣಪಟಗಳು ಸಾಮಾನ್ಯರ ಮನೆಗಳಿಗೂ ಬಂದವು. ಐರೋಪ್ಯ ತೈಲಚಿತ್ರದ ನೆರಳು ಬೆಳಕಿನಲ್ಲಿ ಮೂಡಿದ ಆ ಗೌರವರ್ಣದ ಮುಖವನ್ನೇ ಕ್ಯಾಲೆಂಡರಿನ ಚಿತ್ರಕಾರರು ಅಚ್ಚಾಗಿ ಹಿಡಿದರು. ದೇವಿಯರಿಗೆ ಸಂದ ಬಣ್ಣ ಶರಣೆಯರಿಗೂ ಸಂದಿತು.

ಚೆಲುವಿನ ಅಳತೆ ಮೊದಲು ಹೀಗಿರಲಿಲ್ಲ. 1908ರಲ್ಲಿ ಆಸ್ಟ್ರಿಯದ ವಿಲೆನ್‌ಡಾರ್ಫ್‌ನಲ್ಲಿ ದೊರೆತ, ಇಪ್ಪತ್ತೈದು ಸಾವಿರ ವರ್ಷಗಳಿಗೂ ಹಿಂದಿನ, ಗೇಣಿಗಿಂತ ಚಿಕ್ಕದಾದ ಸ್ತ್ರೀವಿಗ್ರಹವು ಸ್ಥೂಲಕಾಯದ್ದು. ಅದಕ್ಕೆ ಮುಖವನ್ನೇ ಕಡೆದಿಲ್ಲ. (ನಮ್ಮ ಕನ್ಯಾಪರೀಕ್ಷೆಯಲ್ಲಿ ಆಕೆ ತೇರ್ಗಡೆಯಾಗುವುದು ಕಷ್ಟ.) ಜಪಾನಿನ ಉತಮಾರೋ ಬರೆದ ಚೆಲುವೆಯರಲ್ಲಿ ವಿವಾಹಿತೆಯರು ಹುಬ್ಬು ಬೋಳಿಸಿಕೊಂಡು ಹಲ್ಲಿಗೆ ಕಪ್ಪು ಬಳಿದುಕೊಂಡವರು. ದೂರವೇಕೆ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಅಜಂತೆಯ ಒಂದನೆಯ ಗುಹೆಯಲ್ಲಿ ಕಲಾವಿದನು ಶ್ಯಾಮಲವರ್ಣದ ರಾಜಸ್ತ್ರೀಯೊಬ್ಬಳನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದಾನೆ! ಆ ಕಪ್ಪಿನ ಮೇಲೆಯೇ ಆಕೆಯ ಆಭರಣಗಳು ಶೋಭಿಸುತ್ತವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯು ಅಕ್ಕನ ಶತಮಾನದವಳು. ತುಂಬಿದ ಮೈಯ ಆ ಚೆಲುವೆ ನಿಂತಿರುವುದು ಬಳಪದ ಕಲ್ಲಿನಲ್ಲಿ. ಅವಳನ್ನು ಕಂಡು ಬಣ್ಣ ಕಡಿಮೆಯಾಯಿತೆಂದು ಕೊರಗಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನನ್ನ ತಮ್ಮನ ಮಗಳು ಎಣ್ಣೆಗಪ್ಪಿನ, ಲಕ್ಷಣವಾದ ಹುಡುಗಿ, ಓದಿದವಳು. ಮೂರು ಕಡೆಯವರು ನೋಡಿ ಹೋಗಿ, ಹುಡುಗಿಯ ಗುಣವನ್ನು ಹೊಗಳಿ, ಬಣ್ಣದ ಮಾತನ್ನು ಮಧ್ಯವರ್ತಿಗಳ ಬಾಯಿಂದ ಹೇಳಿಸಿದರು. ಮೂವರ ಕೊರಳಲ್ಲಿಯೂ ಲಿಂಗವಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಲೇಪನವು ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಶಬ್ದವನ್ನು ಕಳಚಿಕೊಂಡಿತು. ನಾವು ಕಳಚಿಕೊಳ್ಳಲಿಲ್ಲ.

ಬಂಧುಗಳೇ, ದಿನವೂ ಅಂಗೈಯಲ್ಲಿಟ್ಟು ನೆಟ್ಟ ನೋಟದಿಂದ ನಾವು ನೋಡುವ ಇಷ್ಟಲಿಂಗದ ಬಣ್ಣ ಯಾವುದು? ಕಪ್ಪಲ್ಲವೇ? ಕೌಶಿಕನು ಮರುಳಾದದ್ದು ಅಕ್ಕನ ರೂಪಕ್ಕೆಂದು ಕಾವ್ಯಗಳು ಹೇಳುತ್ತವೆ. ಆಕೆ ಆ ರೂಪವನ್ನೂ ಅದಕ್ಕೆ ಸಲ್ಲುವ ಉಡುಗೆ ತೊಡುಗೆಗಳನ್ನೂ ಅರಮನೆಯನ್ನೂ ಬಿಟ್ಟು ನಡೆದಳು. ಕಲ್ಯಾಣದಲ್ಲಿ ಅಲ್ಲಮಪ್ರಭುಗಳು, ಕೂದಲಿನಿಂದ ಮೈಯನ್ನೇಕೆ ಮರೆಸಿಕೊಂಡೆಯೆಂದು ಆಕೆಯನ್ನು ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಬಣ್ಣದ ಪ್ರಶ್ನೆ ಅಲ್ಲಿ ಏಳಲಿಲ್ಲ. ಬೇಲೂರಿನವರು ಕೇಶವನನ್ನು ಚೆನ್ನನೆಂದಂತೆ ಅಕ್ಕ ಶ್ರೀಶೈಲದ ಮಲ್ಲಿಕಾರ್ಜುನನನ್ನು ಚೆನ್ನನೆಂದಳು. ಚೆನ್ನನೆಂದರೆ ಚೆಲುವ. ಆಕಾರವಿಲ್ಲದವನಿಗೆ ಆ ಹೆಸರನ್ನು ಕೊಟ್ಟವಳ ಪಟಕ್ಕೆ ನಾವು ಹಾಲಿನ ಬಣ್ಣವನ್ನು ಬಳಿದಿದ್ದೇವೆ.

ಕಳೆದ ತಿಂಗಳು ಆ ಹುಡುಗಿ ವಧೂವರರ ಸಮಾವೇಶವೊಂದಕ್ಕೆ ಅರ್ಜಿ ತುಂಬಿದಳು. ಮೈಬಣ್ಣವೆಂಬ ಕಲಮನ್ನು ಖಾಲಿ ಬಿಟ್ಟಳು. ಅರ್ಜಿಯನ್ನು ಪಡೆದವರು ಅವಳನ್ನೊಮ್ಮೆ ಕನಿಕರದಿಂದ ನೋಡಿ, ತಾವೇ ಲೇಖನಿ ತೆಗೆದು, ಅಲ್ಲಿ 'ಗೋಧಿ ಬಣ್ಣ' ಎಂದು ಬರೆದುಕೊಂಡರು.